ಕಡತದಲ್ಲಿ ಇಲ್ಲದ ಮನೆ

"ಡಂ ಡಂ ಡಂ! ಅರೆಗಲ್ಲು ಪಟ್ಟಣದವರೆಲ್ಲ ಕೇಳಿ! ಕೋಟೆಯ ಹೊರಗೆ ಗುಡಿಸಲು ಹಾಕಿಕೊಂಡವರೆಲ್ಲ ಪರದೇಶಿಗಳು. ಅಮಾವಾಸ್ಯೆಯೊಳಗೆ ಗಂಟುಮೂಟೆ ಕಟ್ಟಬೇಕು. ನಮ್ಮ ಹಿರಿಯರು ಈ ಊರಿನವರೇ ಅನ್ನುವವನು ಅರಮನೆಗೆ ಬಂದು ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಹಿರಿಯರ ಜಾಗ ಅವನಿಗೆ, ತಪ್ಪಿದರೆ ಅವನ ತಲೆ ನಮಗೆ. ಊರಮ್ಮನಾಣೆ!"

ಹೀಗೆ ಸಾರಿಸಿದವನು ದೊರೆ ರಣಭೈರವ. ಹೆಸರಿಗೆ ದೊರೆ, ಹೊಟ್ಟೆ ತುಂಬ ವಿಷ. ಅವನ ತಾತ ಗಾಣಿಗರನ್ನು ಕೋಟೆಯಿಂದ ಆಚೆಗೆ ಅಟ್ಟಿದ್ದ. ಮೊಮ್ಮಗನಿಗೆ ಅವರು ಆಚೆ ಇರುವುದೂ ಕಣ್ಣುರಿ! ಸಿಂಹಾಸನದ ಹಿಂದೆ ಊರಿನ ಹಳೇ ನಕ್ಷೆ ತೂಗುತ್ತಿತ್ತು. ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ, ಬೀದಿ, ಮನೆಗಳನ್ನೆಲ್ಲ ಬಳಪದಲ್ಲಿ ಬರೆದದ್ದು.

ಮೊದಲು ಬಂದವನು ಸಾಹುಕಾರ ಚನ್ನಶೆಟ್ಟಿ. ಅವನಿಗೆ ಮನೆಗೇನು ಬರವೇ? ಆಸೆ, ಅಷ್ಟೇ.

"ಮೇಲಿನಿಂದ ಕೆಳಕ್ಕೆ ಕಟ್ಟಿದ್ದು, ಮನೆ ಬಿದ್ದರೂ ತಾನು ಬೀಳದ್ದು ಯಾವುದು?" ದೊರೆ ಕೇಳಿದ.

"ಹೂತಿಟ್ಟ ಕೊಪ್ಪರಿಗೆ!" ಅಂದ ಶೆಟ್ಟಿ. ತಲೆ ಉರುಳಿತು.

ಆಮೇಲೆ ಪೈಲ್ವಾನ ಕೆಂಚೇಗೌಡ. ಅದೇ ಒಗಟಿಗೆ ಹೇಗೋ "ಬಾವಿ" ಅಂದುಬಿಟ್ಟ. ದೊರೆ ಎರಡನೆಯದು ಕೇಳಿದ: "ಮನೆಮಂದಿಯೆಲ್ಲ ಊರು ಬಿಟ್ಟರೂ ತಾನು ಬಿಡದೆ, ಉಳಿದವರ ಬಾಯಲ್ಲೇ ವಾಸ ಮಾಡುವುದು ಯಾವುದು?"

"ದೆವ್ವ!" ಅಂದ ಗೌಡ. ಪಾಪ, ಮರುಗಳಿಗೆಯಲ್ಲಿ ತಾನೇ ದೆವ್ವವಾದ.

ಮೂರನೆಯವನು ಗಾಣಿಗರ ದ್ಯಾವಣ್ಣ. ಅವನ ತಾಯಿ ಸಾಕಮ್ಮ ಹಾಸಿಗೆ ಹಿಡಿದವಳು. ಊರು ಬಿಡಿಸಿದರೆ ದಾರಿಯಲ್ಲೇ ಪ್ರಾಣ ಹೋಗುತ್ತಿತ್ತು.

"ಏನೋ ಎಣ್ಣೆಜಿಡ್ಡೇ, ನಿನಗೂ ತಲೆ ಭಾರವಾಯಿತೇ?"

"ಹೌದು ಬುದ್ಧಿ. ಅವ್ವ ದಾರೀಲಿ ಸಾಯೋದನ್ನ ನೋಡೋದಕ್ಕಿಂತ ಇದೇ ವಾಸಿ. ನಿಮ್ಮ ಒಗಟು ಈಗ ಊರಿಗೆಲ್ಲ ಗೊತ್ತು. ಮೊದಲನೆಯದು ಬಾವಿ. ಗೋಡೆ ಮೇಲಕ್ಕೆ ಏಳ್ತದೆ, ಬೀಳ್ತದೆ. ಬಾವಿಯನ್ನ ಕೆಳಕ್ಕೇ ತೋಡಿ ಕಟ್ತಾರೆ, ಇನ್ನೆಲ್ಲಿಗೆ ಬೀಳ್ತದೆ? ಎರಡನೆಯದು ಕೇರಿಯ ಹೆಸರು. ನಮ್ಮನ್ನ ಓಡಿಸಿ ಎರಡು ತಲೆಮಾರಾಯ್ತು. ಜನ ನಿಮ್ಮ ಅರಮನೆ ಬೀದಿಯನ್ನ ಇವತ್ತಿಗೂ ಗಾಣಿಗರ ಕೇರಿ ಅಂತಲೇ ಅನ್ನೋದು."

ದೊರೆಗೆ ಮೈಯೆಲ್ಲ ಉರಿದುಹೋಯಿತು. ಯಾರಿಂದಲೂ ಆಗದ್ದನ್ನೇ ಕೇಳಿದ: "ಈ ಕಡತದಲ್ಲಿ ಇಲ್ಲದ ಮನೆಯನ್ನು ಈ ಕಡತದಲ್ಲೇ ತೋರಿಸು!"

ತಳವಾರ ಕತ್ತಿ ಎತ್ತಿ ನಿಂತ. ದ್ಯಾವಣ್ಣ ಸಿಂಹಾಸನದ ಹಿಂದಕ್ಕೆ ಹೋದ. ಕಡತವನ್ನು ಮೇಲಿಂದ ಕೆಳಗೆ ನೋಡಿದ. ಎಲ್ಲ ಕಡೆ ಕಪ್ಪು, ಒಂದು ಕಡೆ ಮಾತ್ರ ಬೋಳು. ಅಲ್ಲಿ ಬೆರಳಿಟ್ಟ.

"ಬಳಪದ ಗೆರೆ ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗ್ತಿತ್ತು ಬುದ್ಧಿ. ನಿಮ್ಮ ತಾತ ಸಿಟ್ಟಿಗೆ ಉಜ್ಜಿ ಉಜ್ಜಿ ಮಸಿಯನ್ನೂ ಕಿತ್ತಿದ್ದಾರೆ. ನೋಡಿ, ದಾರಿಗಳೆಲ್ಲ ಇಲ್ಲಿಗೇ ಬಂದು ನಿಲ್ತವೆ. ಮನೆಯೇ ಇಲ್ಲದಿದ್ರೆ ಈ ದಾರಿ ತುಳಿದವರು ಯಾರು? ನಮ್ಮ ಮನೆ ಇಲ್ಲೇ, ಊರಮ್ಮನ ಗುಡಿ ಎದುರಿಗೆ."

"ಗುಡಿಯ ಎದುರಿಗೆ ಈಗ ಏನಿದೆಯೋ?"

"ನೀವು ಕೂತಿದ್ದೀರಿ, ಬುದ್ಧಿ."

"ಕಡಿಯಿರೋ ಇವನನ್ನ!" ದೊರೆ ಅರಚಿದ.

ತಳವಾರ ಕತ್ತಿ ಕೆಳಗಿಟ್ಟ. "ಊರಮ್ಮನಾಣೆ ಮುರಿಯೋಕೆ ನನ್ನಿಂದಾಗೋದಿಲ್ಲ ಸ್ವಾಮಿ" ಅಂದ. ನೆರೆದ ಜನವೂ ಗುರ್ ಅಂದರು. ದೊರೆ ಎಲ್ಲರಿಗೂ ಶಾಪ ಹಾಕುತ್ತ, ಕಿರೀಟವನ್ನು ಕಂಕುಳಲ್ಲಿ ಅವುಚಿಕೊಂಡು ಹೊರಬಿದ್ದ.

ದ್ಯಾವಣ್ಣ ತಾಯಿಯನ್ನು ಹೊತ್ತು ತಂದು ಸಭಾಮಂಟಪದಲ್ಲಿ ಇಳಿಸಿದ. ಸಾಕಮ್ಮ ಕತ್ತು ಹೊರಳಿಸಿ ಸುತ್ತ ನೋಡಿದಳು.

"ಕಂಬ ಪರವಾಗಿಲ್ಲ, ಗಟ್ಟಿಯಾಗೇ ನಿಲ್ಲಿಸಿದ್ದಾನೆ. ಆ ದೊಡ್ಡ ಕುರ್ಚಿ ಎತ್ತಿ ಆಚೆ ಹಾಕು ಮಗ, ಗಾಣಕ್ಕೆ ಜಾಗ ಬೇಕು."