ರಾಚಪ್ಪ ನಾಯಕನಿಗೆ ಜೋಡಿಯಾದ ನಾಯಿ

ಹುಲ್ಲೂರುಗುಡ್ಡದ ಪಾಳೇಗಾರ ರಾಚಪ್ಪ ನಾಯಕನಿಗೆ ತನ್ನ ಅಡುಗೆಮನೆಯ ಮೇಲೆ ಬಹಳ ಹೆಮ್ಮೆ. "ನನ್ನ ಕೋಟೆಯಲ್ಲಿ ಎಲುಬು ಕಾಣುವ ಒಂದು ಜೀವ ತೋರಿಸಿ, ನೋಡೋಣ" ಎಂದು ದಿನವೂ ಹೇಳುತ್ತಿದ್ದ. ತೋರಿಸಲು ಯಾರಿಗೂ ಆಗುತ್ತಿರಲಿಲ್ಲ. ನಾಯಕನ ಪಲ್ಲಕ್ಕಿ ಹೊರಲು ಎಂಟು ಜನ ಬೇಕಿತ್ತು. ಮಂತ್ರಿ ವೀರಭದ್ರಯ್ಯ ಒಮ್ಮೆ ಕೂತರೆ ಎಬ್ಬಿಸಲು ಇಬ್ಬರು ಬೇಕಿತ್ತು.

ಅಂಥ ಕೋಟೆಗೆ ಮುಧೋಳದ ಕಡೆಯಿಂದ ಒಂದು ಬೇಟೆನಾಯಿ ಬಂತು. ಉದ್ದ ಮೂತಿ, ಉದ್ದ ಕುತ್ತಿಗೆ, ಕಡ್ಡಿಯಂಥ ಕಾಲು. ಹೊಟ್ಟೆ ಇರಬೇಕಾದ ಕಡೆ ಏನೂ ಇರಲಿಲ್ಲ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು.

ನಾಯಕ ಸವರಲು ಕೈ ಚಾಚಿದ. ನಾಯಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಗೋಡೆ ನೋಡುತ್ತಾ ನಿಂತಿತು.

"ದುರ್ಗವ್ವಾ, ಇದಕ್ಕೆ ಊಟ ಹಾಕುತ್ತೀಯೋ ಇಲ್ಲವೋ?" ಎಂದು ನಾಯಕ ನಾಯಿಗಳನ್ನು ನೋಡಿಕೊಳ್ಳುವವಳನ್ನು ಗದರಿದ.

"ಹಾಕ್ತೀನಿ ಬುದ್ಧಿ. ಇದರ ಮೈಕಟ್ಟೇ ಹಂಗೆ. ದಪ್ಪ ಆದರೆ ಓಡಂಗಿಲ್ಲ. ಗುರುತಿಲ್ಲದವರು ಮುಟ್ಟಿದರೂ ಸೇರಂಗಿಲ್ಲ."

"ನೆಪ ಹೇಳಬೇಡ. ಮುಂದಿನ ತಿಂಗಳು ನನ್ನ ಮಾವ ಬರುತ್ತಾರೆ. ಅಳಿಯನ ಮನೆಯಲ್ಲಿ ಬರಗಾಲ ಅಂತ ಊರೆಲ್ಲ ಆಡಿಕೊಳ್ಳುತ್ತಾರೆ. ಅಷ್ಟರಲ್ಲಿ ಈ ನಾಯಿ ನನ್ನ ಪಕ್ಕ ನಿಂತರೆ ಜೋಡಿ ಅನ್ನಿಸಬೇಕು. ಇಲ್ಲದಿದ್ದರೆ ನೀನು ಕೋಟೆ ಬಿಡಬೇಕು."

ದುರ್ಗವ್ವನ ಮುಖ ಸಣ್ಣಗಾಯಿತು. ಆಸ್ಥಾನದ ವಿನೋದಗಾರ ಕೂಚಣ್ಣ ಕೂತಲ್ಲಿಂದ ಎದ್ದ.

"ಪ್ರಭು, ಜೋಡಿ ಅನ್ನಿಸಿದರೆ ಸಾಕಲ್ಲವೆ? ಬೇರೇನೂ ಬೇಡವಲ್ಲ?"

"ಅಷ್ಟಾದರೆ ಸಾಕು."

"ಹಾಗಿದ್ದರೆ ಆ ಕೆಲಸ ನನಗೆ ಬಿಡಿ. ಆದರೆ ಇದು ಒಡೆಯನನ್ನು ನೋಡಿ ಕಲಿಯುವ ಜಾತಿ. ತಾವು ಜೊತೆಗೆ ಓಡಿದರೆ, ಜೊತೆಗೆ ಉಂಡರೆ ಮಾತ್ರ ದಾರಿಗೆ ಬರುತ್ತದೆ. ಒಂದು ದಿನ ತಪ್ಪಿದರೂ ಆಮೇಲೆ ದುರ್ಗವ್ವನನ್ನು ದೂರುವಂತಿಲ್ಲ."

"ನಾಯಿ ಓಡಿದಷ್ಟು ನಾನು ಓಡಲಾರೆನೆ? ಅದು ಉಂಡಿದ್ದನ್ನು ಉಣ್ಣಲಾರೆನೆ?" ಎಂದ ನಾಯಕ. ಇಡೀ ಆಸ್ಥಾನ ಕೇಳಿಸಿಕೊಂಡಿತು.

ಮರುದಿನ ಬೆಳಗ್ಗೆ ಕೂಚಣ್ಣ ನಾಯಿಯ ಹಗ್ಗವನ್ನು ನಾಯಕನ ಸೊಂಟಕ್ಕೆ ಕಟ್ಟಿದ. ಕೆರೆ ಏರಿಯ ಮೇಲೆ ಒಂದು ಮೊಲ ಕಂಡಿತು. ಆಮೇಲೆ ಏನಾಯಿತೆಂದು ನಾಯಕನಿಗೆ ಸರಿಯಾಗಿ ನೆನಪಿಲ್ಲ. ಪೇಟ ಜಾಲಿಗಿಡದಲ್ಲಿ ಸಿಕ್ಕಿತು, ಒಂದು ಚಪ್ಪಲಿ ಕಡಲೆ ಹೊಲದಲ್ಲಿ ಸಿಕ್ಕಿತು, ನಾಯಕ ಪಕ್ಕದ ಊರಿನಲ್ಲಿ ಸಿಕ್ಕಿದ.

ಮಧ್ಯಾಹ್ನ ಹೋಳಿಗೆ ಬಡಿಸಿದರು. ನಾಯಿ ಮೂಸಿ ನೋಡಿ ಮುಖ ತಿರುಗಿಸಿತು.

"ಈ ನಾಯಿ ಜೋಳದ ರೊಟ್ಟಿ, ಹಾಲು ಮಾತ್ರ ತಿನ್ನುತ್ತದೆ. ಜೊತೆಗೆ ಉಣ್ಣುತ್ತೇನೆ ಅಂತ ಪ್ರಭುಗಳು ಒಪ್ಪಿದ್ದೀರಿ" ಎಂದ ಕೂಚಣ್ಣ.

ನಾಯಕ ಹೋಳಿಗೆಯನ್ನು ಒಮ್ಮೆ ದುಃಖದಿಂದ ನೋಡಿ ರೊಟ್ಟಿ ಮುರಿದ.

ಮೊದಲ ವಾರ ಅವನು ಕೂಚಣ್ಣನನ್ನು ಬೈದ. ಎರಡನೆಯ ವಾರ ಬೈಯಲು ಉಸಿರು ಸಾಲಲಿಲ್ಲ. ಮೂರನೆಯ ವಾರ ಪಂಚೆ ಜಾರತೊಡಗಿ, ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ಓಡಿದ. ನಾಲ್ಕನೆಯ ವಾರ ಮೊಲದ ಹಿಂದೆ ನಾಯಿಗಿಂತ ಮೊದಲು ಹೊರಟವನು ಅವನೇ.

ಮಾವ ಬಂದರು. ಹೆಬ್ಬಾಗಿಲಲ್ಲಿ ಅಳಿಯನನ್ನೂ ನಾಯಿಯನ್ನೂ ಮೇಲಿಂದ ಕೆಳಗೆ ನೋಡಿದರು. ನಾಯಕನ ಮುಖ ನೀಳವಾಗಿತ್ತು, ಕುತ್ತಿಗೆ ಹೊರಗೆ ಬಂದಿತ್ತು, ಹೊಟ್ಟೆ ಒಳಗೆ ಹೋಗಿತ್ತು.

"ಅಳಿಯಂದಿರೇ, ಎಂಥ ಜೋಡಿ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದೀರಿ."

ನಾಯಕ ತಿರುಗಿ ಕೂಚಣ್ಣನನ್ನು ದಿಟ್ಟಿಸಿದ. "ನಾನು ನಾಯಿಯನ್ನು ದಪ್ಪ ಮಾಡು ಅಂದಿದ್ದೆ."

"ಜೋಡಿ ಅನ್ನಿಸಬೇಕು ಅಂದಿದ್ದಿರಿ ಪ್ರಭು. ನಾಯಿ ಒಪ್ಪಲಿಲ್ಲ. ತಾವು ಒಪ್ಪಿದಿರಿ."

ನಾಯಕ ಸಿಟ್ಟಾಗಬೇಕೆಂದುಕೊಂಡ. ಅಷ್ಟರಲ್ಲಿ ನಾಯಿ ಬಂದು ಅವನ ಮೊಣಕಾಲಿಗೆ ತಲೆ ಒರಗಿಸಿತು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. "ದುರ್ಗವ್ವಾ, ನೀನು ಎಲ್ಲಿಗೂ ಹೋಗಬೇಡ" ಎಂದ ಮೆಲ್ಲಗೆ.

ಮಂತ್ರಿ ವೀರಭದ್ರಯ್ಯನಿಗೆ ಮಾತ್ರ ಸಮಾಧಾನವಿಲ್ಲ. "ಪ್ರಭು, ಇದಕ್ಕೆ ಆಸ್ಥಾನದ ರೀತಿನೀತಿ ಗೊತ್ತಿಲ್ಲ. ತಿಂಗಳಿಂದ ನೋಡುತ್ತಿದ್ದೇನೆ, ನಮ್ಮಲ್ಲಿ ಒಬ್ಬರಿಗೂ ಬಾಲ ಅಲ್ಲಾಡಿಸಿಲ್ಲ, ಒಬ್ಬರ ಕೈಯನ್ನೂ ನೆಕ್ಕಿಲ್ಲ."

"ಅದಕ್ಕೇನು ಹೇಳುತ್ತೀಯ ಕೂಚಣ್ಣ?" ಎಂದು ನಾಯಕ ಕೇಳಿದ.

"ಅದರ ಒಳ್ಳೆಯತನ ಪ್ರಭು. ಬಾಲ ಅಲ್ಲಾಡಿಸುವುದು, ಕೈ ನೆಕ್ಕುವುದು, ಕೂತಲ್ಲೇ ಹೊಟ್ಟೆ ಬೆಳೆಸುವುದು, ಇವು ಆಸ್ಥಾನದಲ್ಲಿ ನಮ್ಮ ಕೆಲಸ. ನಾಯಿಯೂ ಅದನ್ನೇ ಕಲಿತರೆ ಮಂತ್ರಿಗಳೂ ನಾನೂ ಮೊಲ ಹಿಡಿಯಲು ಹೋಗಬೇಕಾಗುತ್ತದೆ."

ಮಾವನವರು ನಕ್ಕು ಕಂಬ ಹಿಡಿದುಕೊಂಡರು. ನಾಯಕನ ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೆ, ತನಗೆ ದೊಗಳೆಯಾದ ಜರತಾರಿ ಅಂಗಿಗಳನ್ನೆಲ್ಲ ಕೂಚಣ್ಣನಿಗೆ ಇನಾಮು ಕೊಟ್ಟ.

ಒಂದೊಂದು ಅಂಗಿಯಲ್ಲೂ ಕೂಚಣ್ಣನ ಮನೆಯ ಮೂವರಿಗೆ ಬಟ್ಟೆಯಾಯಿತಂತೆ.