ಕೊನೆಯ ಕಟ್ಟೆಯ ನೀರು

"ಬುದ್ಧಿ, ಅಮೆರಿಕದ ಜನ ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷನನ್ನು ಆರಿಸುತ್ತಾರೆ. ಲೋಕವೇ ಅವನಿಗೆ ಅಂಜುತ್ತದೆ. ಅವನ ಕೈಕೆಳಗೆ ಲಕ್ಷಗಟ್ಟಲೆ ನೌಕರರಿದ್ದಾರೆ. ಆದರೂ ಕೊಟ್ಟ ಮಾತನ್ನು ತನ್ನ ನಾಡಿನಲ್ಲೇ ನಡೆಸಲಾರದೆ ಇಳಿದು ಹೋಗುತ್ತಾನಲ್ಲ, ಯಾಕೆ?"

ಕೇಳಿದವನು ನಿಜಗುಣ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವ ಮೇಷ್ಟ್ರು. ಸೋಮವಾರ ಸೋಮವಾರ ಮಠಕ್ಕೆ ಬಂದು ಸ್ವಾಮಿಗಳ ಮುಂದೆ ಕೂರುವ ಶಿಷ್ಯ. ಆ ದಿನ ಅವನಿಗೆ ಸ್ವಲ್ಪ ಸಿಟ್ಟೂ ಬಂದಿತ್ತು. "ಅಲ್ಲಿಯದೇನು ಬಂತು, ಇಲ್ಲೂ ಅದೇ ಹಣೆಬರಹ. ಓಟು ಹಾಕಿ ನಮ್ಮ ಕೆಲಸ ನಾವು ಮುಗಿಸಿರುತ್ತೇವೆ. ಅವರ ಕೆಲಸ ಅವರು ಮಾಡುವುದಿಲ್ಲ" ಎಂದ.

ಸ್ವಾಮಿಗಳು ಕತೆ ಹೇಳಿದರು.

ಒಂದು ದೊಡ್ಡ ಕೆರೆ. ಕೆರೆಯ ಕೆಳಗೆ ಎಂಟು ಹಳ್ಳಿ. ನಾಲ್ಕು ವರ್ಷಕ್ಕೊಮ್ಮೆ ಹಳ್ಳಿಗಳವರೆಲ್ಲ ಏರಿಯ ಮೇಲೆ ನೆರೆದು, ಕೈ ಎತ್ತಿ, ಒಬ್ಬನನ್ನು ಕೆರೆಯ ಯಜಮಾನನನ್ನಾಗಿ ಆರಿಸುತ್ತಿದ್ದರು. ಆರಿಸಿ ಬಂದವನು ಮೊಣಕಾಲುದ್ದ ನೀರಿಗಿಳಿದು, ಎಲ್ಲರಿಗೂ ಕೇಳುವಂತೆ ಒಂದು ಮಾತು ಕೊಡಬೇಕು. ಅದು ಅಲ್ಲಿಯ ಪದ್ಧತಿ.

ಒಂದು ಸಲ ಒಬ್ಬ ನೇಕಾರ ಯಜಮಾನನಾದ. ಎಂಟನೆಯ ಹಳ್ಳಿ ಕಾಲುವೆಯ ತುದಿಯಲ್ಲಿತ್ತು. ಅಲ್ಲಿಯ ಕಟ್ಟೆಗೆ, ಎಂದರೆ ಊರಿನ ಸಣ್ಣ ಕೆರೆಗೆ, ದೊಡ್ಡ ಕೆರೆಯ ನೀರು ಮುಟ್ಟಿ ಎಷ್ಟೋ ಕಾಲವಾಗಿತ್ತು. ಕಟ್ಟೆ ತುಂಬದಿದ್ದರೆ ಬಾವಿಯಲ್ಲಿ ನೀರು ಊರುವುದಿಲ್ಲ. ಆ ಊರಿನ ಸೂಲಗಿತ್ತಿ ಅವನ ಮುಂದೆ ನಿಂತು, "ಹೀಗೇ ಆದರೆ ನಾವು ಊರು ಬಿಡಬೇಕಾಗುತ್ತದೆ, ಯಜಮಾನ್ರೇ" ಎಂದಳು. ಅವನು ತಡಮಾಡಲಿಲ್ಲ. ನೀರಿಗಿಳಿದು, ಗಂಟಲು ತೆರೆದು ಹೇಳಿದ: "ಕೊನೆಯ ಕಟ್ಟೆ ತುಂಬಿಸುತ್ತೇನೆ. ಇನ್ನು ಆ ಚಿಂತೆ ನನ್ನದು. ನೀವು ಮನೆಗೆ ಹೋಗಿ ನಿಶ್ಚಿಂತೆಯಾಗಿರಿ." ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಜನ ಕೇಕೆ ಹಾಕಿದರು. ಆಮೇಲೆ ಅವನು ಹೇಳಿದಂತೆಯೇ ಮನೆಗೆ ಹೋದರು.

ತೂಬು ಎತ್ತುವವನು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ನೀರುಗಂಟಿ. ಯಜಮಾನರು ಬರುತ್ತಾರೆ, ಹೋಗುತ್ತಾರೆ. ನೀರುಗಂಟಿಯ ಮನೆತನ ಅಲ್ಲೇ ಇರುತ್ತದೆ. ಅವನು ಒಂಬತ್ತು ಯಜಮಾನರನ್ನು ಕಂಡಿದ್ದ. ಕೆಟ್ಟವನಲ್ಲ. ಹೊಸಬನ ಅಪ್ಪಣೆ ಕೇಳಿ, ಕೈಮುಗಿದು, "ಆಗಲಿ ಯಜಮಾನ್ರೇ, ಒಂದೇ ಒಂದು ಸಣ್ಣ ತೊಡಕಿದೆ" ಎಂದ. ಆ ವರ್ಷ ತೊಡಕು ಬಿಡಿಸುವುದರಲ್ಲೇ ಕಳೆಯಿತು.

ಯಜಮಾನ ಇನ್ನೊಂದನ್ನೂ ಕಂಡ. ತೂಬಿನ ಪಕ್ಕದಲ್ಲಿ ಒಂದು ಮಂಟಪ. ಮೊದಲ ಹಳ್ಳಿಗಳ ಕಬ್ಬಿನವರು ದಿನಾ ಬೆಳಿಗ್ಗೆ ಅಲ್ಲಿ ಬಂದು ಕೂರುತ್ತಿದ್ದರು. ಕೆರೆಯಲ್ಲಿ ಮೀನು ಹಿಡಿಯುವವರೂ ಬರುತ್ತಿದ್ದರು. ನೀರುಗಂಟಿಯ ಜೊತೆ ಎಲೆಅಡಿಕೆ ಹಾಕುತ್ತಿದ್ದರು, ಅವನ ಮಗಳ ಬಾಣಂತನ ವಿಚಾರಿಸುತ್ತಿದ್ದರು. ಯಜಮಾನನಿಗೂ ಮಣೆ ಹಾಕಿ ಕೂರಿಸಿದರು. ಕಬ್ಬಿನವರು, "ನಮ್ಮ ಸರದಿ ಮುಟ್ಟಬೇಡಿ" ಎಂದರು. ಮೀನಿನವರು, "ಮರಿ ಬಿಟ್ಟಿದ್ದೇವೆ, ಈಗ ನೀರು ಇಳಿಸಬೇಡಿ" ಎಂದರು. ಎರಡೂ ಸುಳ್ಳಲ್ಲ. ಎಂಟನೆಯ ಹಳ್ಳಿಯ ಪರವಾಗಿ ಹೇಳಲು ಆ ಮಂಟಪದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡನೆಯ ವರ್ಷವೂ ಹಾಗೇ ಹೋಯಿತು.

ಮೂರನೆಯ ವರ್ಷ ಯಜಮಾನನ ತಾಳ್ಮೆ ಕೆಟ್ಟಿತು. ಒಂದು ಬೆಳಿಗ್ಗೆ ತಾನೇ ಹೋಗಿ ತೂಬು ಎತ್ತಿದ. ಯಾರೂ ತಡೆಯಲಿಲ್ಲ. ನೀರುಗಂಟಿ ಪಕ್ಕಕ್ಕೆ ಸರಿದು ಕೈಕಟ್ಟಿ ನಿಂತ. ನೀರು ಭೋರ್ಗರೆದು ಹೊರಟಿತು. ಯಜಮಾನ ಪಂಚೆ ಎತ್ತಿ ಕಟ್ಟಿ ನೀರಿನ ಜೊತೆಯಲ್ಲೇ ನಡೆದ. ಕಾಲುವೆಯಿಂದ ಗದ್ದೆಗೆ ತಿರುಗುವ ಒಂದೊಂದು ಬಾಯಿಗೂ ಮಣ್ಣು ಮೆತ್ತಿ ಮುಚ್ಚುತ್ತಾ ಹೋದ. ಹತ್ತು ಬಾಯಿ ಮುಚ್ಚಿ ಹಿಂದಿರುಗಿ ನೋಡಿದರೆ ಮೊದಲಿನ ಆರು ತೆರೆದಿದ್ದವು. ಓಡಿ ಬಂದು ಮುಚ್ಚಿದ. ಅಷ್ಟರಲ್ಲಿ ಮುಂದಿನವು ತೆರೆದವು. ಯಾರನ್ನೂ ಕಾಣಲಿಲ್ಲ, ಅಲ್ಲಲ್ಲಿ ಒದ್ದೆ ಗುದ್ದಲಿ ಮಾತ್ರ ಬಿದ್ದಿತ್ತು. ಸಂಜೆಗೆ ನಾಲ್ಕನೆಯ ಹಳ್ಳಿ ಮುಟ್ಟಿದ. ನೀರು ಅಲ್ಲಿಗೂ ಮುಟ್ಟಲಿಲ್ಲ. ಇಡೀ ಕೆರೆಯ ಯಜಮಾನ ಕಾಲುವೆಯ ದಂಡೆಯ ಮೇಲೆ ಕೂತು ಅತ್ತ.

ನಾಲ್ಕನೆಯ ವರ್ಷ ಎಂಟನೆಯ ಹಳ್ಳಿಗೆ ಹೋದ. ಸೋತೆ ಎಂದು ಹೇಳಲು ಹೋದ. ಊರು ಬಿಟ್ಟವರು ಬಹಳ ಮನೆಗಳ ಬಾಗಿಲು ಕಿತ್ತು ಒಯ್ದಿದ್ದರು. ಸೂಲಗಿತ್ತಿ ಗಾಡಿಗೆ ಬೀಸುವ ಕಲ್ಲು ಏರಿಸುತ್ತಿದ್ದಳು.

"ತಾಯೀ, ನನ್ನಿಂದ ಆಗಲಿಲ್ಲ. ನೀವಾದರೂ ಒಂದು ದಿನ ಬಂದು ಕೇಳಬಾರದಿತ್ತೇ?" ಎಂದ.

ಅವಳು ಬೈಯಲಿಲ್ಲ. "ನಿಮ್ಮ ಮೇಲೆ ಕೋಪವಿಲ್ಲ ಯಜಮಾನ್ರೇ. ನೀವೇ ಹೇಳಿದ್ರಲ್ಲ, ನಿಶ್ಚಿಂತೆಯಾಗಿರಿ ಅಂತ. ಇದ್ದೆವು" ಎಂದಳು.

ಗಾಡಿ ಹೊರಟಿತು. ಯಜಮಾನ ಒಣಗಿದ ಕಟ್ಟೆಯ ಮೇಲೆ ಒಬ್ಬನೇ ನಿಂತ. ಮಾತು ಕೊಟ್ಟ ದಿನ ಏರಿಯ ಮೇಲೆ ಅಷ್ಟು ಜನರಿದ್ದರು. ಮನೆಗೆ ಹೋಗಬೇಡಿ, ನಾಳೆ ಬೆಳಿಗ್ಗೆ ಗುದ್ದಲಿ ಹಿಡಿದು ಬನ್ನಿ ಎನ್ನಬಹುದಿತ್ತು. ಅವನು ಎನ್ನಲಿಲ್ಲ. ಸಾಯುವವರೆಗೂ ಆಡದೆ ಬಿಟ್ಟ ಆ ಒಂದು ಮಾತು ಅವನನ್ನು ಕೊರೆಯಿತು.

ಕತೆ ನಿಂತಿತು. ನಿಜಗುಣನಿಗೆ ಸಮಾಧಾನವಾಗಲಿಲ್ಲ. "ತಪ್ಪೆಲ್ಲ ಆ ನೀರುಗಂಟಿಯದು, ಬುದ್ಧಿ. ದಿನಾ ಬಂದು ಕೂರುವವರ ಮಾತಿಗೆ ಮರುಳಾದ" ಎಂದ.

"ಅವರೇನೋ ದಿನಾ ಬರುತ್ತಿದ್ದರು, ಓಟು ಹಾಕಿದ ಮರುದಿನ ನೀನು ಎಲ್ಲಿದ್ದೆಯಪ್ಪಾ?" ಎಂದರು ಸ್ವಾಮಿಗಳು.