ಕಾಣೆಯಾದ ಅರವತ್ತೊಂಬತ್ತು ಜಿಬಿ

ದಾಖಲೆ ಕಚೇರಿಗೆ ಹೊಸ ಹಾರ್ಡ್ ಡಿಸ್ಕ್ ಬಂತು. ಡಬ್ಬದ ಮೇಲೆ ಸಾವಿರ ಜಿಬಿ ಎಂದಿತ್ತು. ಕಂಪ್ಯೂಟರಿಗೆ ಜೋಡಿಸಿದರೆ ಒಂಬೈನೂರ ಮೂವತ್ತೊಂದು ತೋರಿಸಿತು. ನಿರ್ದೇಶಕ ರುದ್ರಮೂರ್ತಿಯವರು ಗುತ್ತಿಗೆಯ ಮೇಲಿದ್ದ ಗುಮಾಸ್ತೆಯನ್ನು ಕರೆಸಿದರು.

"ಉಳಿದ ಅರವತ್ತೊಂಬತ್ತು ಎಲ್ಲಿ ಹೋಯ್ತಮ್ಮಾ? ಮಧ್ಯಾಹ್ನದೊಳಗೆ ತಂದಿಡದಿದ್ದರೆ ನಾಳೆಯಿಂದ ಬರಬೇಡ."

"ಎಲ್ಲೂ ಹೋಗಿಲ್ಲ ಸಾರ್. ಕಂಪನಿಯವರು ಸಾವಿರ ಸಾವಿರವಾಗಿ ಎಣಿಸುತ್ತಾರೆ. ನಮ್ಮ ಕಂಪ್ಯೂಟರ್ ಸಾವಿರದ ಇಪ್ಪತ್ನಾಲ್ಕರಂತೆ ಎಣಿಸುತ್ತೆ. ಅದರ ಜಿಬಿ ದೊಡ್ಡದು."

"ನನಗೇ ಪಾಠ ಹೇಳಬೇಡ. ನಾನು ಎರಡು ಎಂ.ಎ. ಮಾಡಿದವನು."

ಗುಮಾಸ್ತೆ ಹೊರಗೆ ಹೋದಳು. ಶುಕ್ರವಾರದ ಪೂಜೆಗೆ ಹೂವು ತಂದಿದ್ದ ಮುನಿರತ್ನಮ್ಮನನ್ನು ಒಳಗೆ ಕರೆತಂದಳು. ಹೂವಿನಾಕೆ ತನ್ನ ಗಿಡ್ಡ ತೋಳಿನಲ್ಲಿ ಮಲ್ಲಿಗೆ ಮಾಲೆ ಅಳೆದಳು. ಹತ್ತು ಮೊಳ.

"ನೀವೂ ಒಮ್ಮೆ ಅಳೆದುಬಿಡಿ ಸಾರ್," ಎಂದಳು ಗುಮಾಸ್ತೆ.

ನಿರ್ದೇಶಕರು ಆರಡಿ ಎತ್ತರದ ಆಳು. ಎರಡು ಸಲ ಅಳೆದರು. ಎರಡು ಸಲವೂ ಮಾಲೆ ಒಂಬತ್ತಕ್ಕೇ ಮುಗಿಯಿತು.

"ಇನ್ನೊಂದು ಮೊಳ ಎಲ್ಲಿ?"

ಮುನಿರತ್ನಮ್ಮನಿಗೆ ರೇಗಿತು. "ನಿಮ್ಮ ಕಣ್ಣೆದುರೇ ಅಳೆದೆನಲ್ಲ ಸ್ವಾಮಿ! ನಿಮ್ಮ ತೋಳು ಉದ್ದವಾದರೆ ನನ್ನ ಹೂವೇನು ಮಾಡುತ್ತೆ?"

ನಿರ್ದೇಶಕರು ಮಾಲೆ ನೋಡಿದರು. ತೋಳು ನೋಡಿದರು. ಡಿಸ್ಕ್ ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾಯಿತೆಂದು ಒಪ್ಪಿಕೊಳ್ಳುವ ಅಭ್ಯಾಸ ಮಾತ್ರ ಅವರಿಗಿರಲಿಲ್ಲ. ಕಡತ ತರಿಸಿ ಗುಮಾಸ್ತೆಯಿಂದಲೇ ಬರೆಸಿದರು: "ಕಾಣೆಯಾಗಿದ್ದ ಅರವತ್ತೊಂಬತ್ತು ಜಿಬಿಯನ್ನು ನಿರ್ದೇಶಕರು ಖುದ್ದಾಗಿ ಪತ್ತೆಹಚ್ಚಿದ್ದಾರೆ."

ಗುಮಾಸ್ತೆ ಒಂದಕ್ಷರವೂ ಬಿಡದೆ ಬರೆದಳು. ಆಮೇಲೆ ಕೇಳಿದಳು, "ಹಾಗಾದರೆ ನಾಳೆ ಬರಲಾ ಸಾರ್?"

ನಿರ್ದೇಶಕರು ದನಿ ತಗ್ಗಿಸಿದರು.

"ಒಂಬತ್ತಕ್ಕೇ ಬಾಮ್ಮ. ಆಯುಕ್ತರಿಗೆ ಇದನ್ನು ನಾನು ಹೇಗೆ ವಿವರಿಸಬೇಕು ಅಂತ ಸ್ವಲ್ಪ ಹೇಳಿಕೊಡು."